ಕೊಂಡುಕುರಿಯ ಕಾಡು ಮತ್ತು ಅಂಚಿನ ರೈತ

ದಾವಣಗೆರೆ ಜಿಲ್ಲೆ ಎಂದೊಡನೆ ಭದ್ರಾ ನಾಲೆಯ ಭತ್ತ, ಚನ್ನಗಿರಿಯ ಅಡಿಕೆ, ಜಗಳೂರಿನ ಮೆಕ್ಕೆಜೋಳ ನೆನಪಿಗೆ ಬರುತ್ತವೆ. ಕಾಡು ನೆನಪಿಗೆ ಬರುವುದು ಕಡಿಮೆ. ಆದರೆ ಚನ್ನಗಿರಿ, ಹೊನ್ನಾಳಿ ಮತ್ತು ನ್ಯಾಮತಿ ತಾಲ್ಲೂಕುಗಳ ಗುಡ್ಡಗಳಲ್ಲಿ ಮೀಸಲು ಅರಣ್ಯಗಳಿವೆ. ಮಳೆ ಅತಿ ಕಡಿಮೆಯಿರುವ ಜಗಳೂರು ತಾಲ್ಲೂಕಿನಲ್ಲಿ ವನ್ಯಜೀವಿಧಾಮವೇ ಇದೆ. ಅದೇ ರಂಗಯ್ಯನದುರ್ಗ ಕೊಂಡುಕುರಿ ವನ್ಯಜೀವಿಧಾಮ. 2011ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್, ಅಂದರೆ ಸುಮಾರು 19,000 ಎಕರೆ.

ಮೀಸಲು ಅರಣ್ಯಕ್ಕೂ ಧಾಮಕ್ಕೂ ಏನು ವ್ಯತ್ಯಾಸ?

ಮೀಸಲು ಅರಣ್ಯವು 1963ರ ಕರ್ನಾಟಕ ಅರಣ್ಯ ಕಾಯ್ದೆಗೆ ಒಳಪಟ್ಟಿದೆ. ವನ್ಯಜೀವಿಧಾಮಕ್ಕೆ ಇದರ ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇರುತ್ತದೆ. ರಾಷ್ಟ್ರೀಯ ಉದ್ಯಾನದಲ್ಲಿ ದನಕರು ಮೇಯಿಸಲು ಅವಕಾಶವೇ ಇಲ್ಲ. ಧಾಮದಲ್ಲಿ ಮೇಯಿಸುವುದನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಇದೆ. ಧಾಮದಿಂದ ಒಣ ಮರ ಮತ್ತು ಹುಲ್ಲನ್ನು ಹೊರಗೆ ಸಾಗಿಸುವುದನ್ನು ಸುಪ್ರೀಂ ಕೋರ್ಟ್ 2000ದಲ್ಲಿ ತಡೆಯಿತು. ತಲೆಮಾರುಗಳಿಂದ ಕಾಡನ್ನು ಅವಲಂಬಿಸಿ ಬಂದವರು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಯ ಮೂಲಕ ತಮ್ಮ ಹಕ್ಕನ್ನು ಕೇಳಬಹುದು.

ಬೇಸಿಗೆಯಲ್ಲಿ ಇಪ್ಪತ್ತು ಮೂವತ್ತು ಕುರಿ ಸಾಕುವವನಿಗೆ ಈ ನಿಯಮಗಳು ಹೊರೆಯೇ ಸರಿ. ಅವುಗಳ ಹಿಂದಿನ ಕಾರಣ ತಿಳಿದರೆ ದಾರಿ ಹುಡುಕುವುದು ಸುಲಭ.

ಕೊಂಡುಕುರಿ ಎಂತಹ ಪ್ರಾಣಿ?

ಹೆಸರಿನಲ್ಲಿ ಕುರಿ ಎಂದಿದ್ದರೂ ಇದು ಕುರಿಯೂ ಅಲ್ಲ, ಜಿಂಕೆಯೂ ಅಲ್ಲ; ಕೃಷ್ಣಮೃಗದಂತೆ ಹುಲ್ಲೆಯ ಜಾತಿಗೆ ಸೇರಿದ್ದು. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮೇಲೆ ಚಿಕ್ಕವು ಎರಡು. ಹೆಣ್ಣಿಗೆ ಕೊಂಬಿಲ್ಲ. ತೂಕ ಸುಮಾರು 20 ಕಿಲೋ. ಇಡೀ ಜಗತ್ತಿನಲ್ಲಿ ಭಾರತ ಮತ್ತು ನೇಪಾಳದಲ್ಲಿ ಮಾತ್ರ ಇದರ ವಾಸ. ರಾಣೆಬೆನ್ನೂರಿನ ಕೃಷ್ಣಮೃಗ ಹಿಂಡುಕಟ್ಟಿ ಬಯಲಿನಲ್ಲಿ ಮೇಯುತ್ತದೆ. ಕೊಂಡುಕುರಿ ಹಾಗಲ್ಲ, ಒಂಟಿಯಾಗಿ ಅಥವಾ ಜೋಡಿಯಾಗಿ ಎತ್ತರದ ಹುಲ್ಲಿನ ಮರೆಯಲ್ಲಿ ಇರುತ್ತದೆ. ಮರಿಯನ್ನೂ ಹುಲ್ಲಿನಲ್ಲೇ ಅಡಗಿಸಿಡುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕುವುದು ಇದರ ಅಭ್ಯಾಸ. ಆ ಗುಡ್ಡೆಗಳಿಂದಲೇ ಅದರ ಇರವು ಗೊತ್ತಾಗುತ್ತದೆ.

ಹುಲ್ಲು ಬುಡದವರೆಗೆ ಮೇದುಹೋದರೆ ಈ ಪ್ರಾಣಿಗೆ ಮೇವೂ ಇಲ್ಲ, ಮರೆಯೂ ಇಲ್ಲ. ಮಂದೆಯ ಹಿಂದೆ ಹೋಗುವ ನಾಯಿಗಳಿಗೆ ಮರಿಗಳು ಸುಲಭವಾಗಿ ಸಿಗುತ್ತವೆ.

ಬೆಂಕಿ ಮತ್ತು ನೀರು

ಹೊಸ ಚಿಗುರು ಬರಲೆಂದು ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಇಡುವ ರೂಢಿ ಕೆಲವೆಡೆ ಇದೆ. ಚಿಗುರು ಬರುವುದು ನಿಜ. ಆದರೆ ತರಗೆಲೆ ಮತ್ತು ಎಳೆ ಸಸಿಗಳು ಸುಟ್ಟು ನೆಲ ಬತ್ತಲಾಗುತ್ತದೆ. ಮುಂಗಾರಿನ ಮೊದಲ ಬಿರುಮಳೆಗೆ ಮೇಲ್ಮಣ್ಣು ಕೊಚ್ಚಿಹೋಗಿ ಕೆಳಗಿನ ಕೆರೆಗಳಲ್ಲಿ ಹೂಳಾಗಿ ನಿಲ್ಲುತ್ತದೆ. ಹುಲ್ಲು ಮತ್ತು ತರಗು ಇರುವ ಗುಡ್ಡದಲ್ಲಿ ಮಳೆನೀರು ನಿಧಾನವಾಗಿ ಹರಿದು ನೆಲಕ್ಕೆ ಇಂಗುತ್ತದೆ. ಕೊಳವೆಬಾವಿ ನಂಬಿದ ಜಗಳೂರಿನ ರೈತನಿಗೆ ಇದು ತನ್ನ ಹೊಲದ ಮಾತೇ. ಚನ್ನಗಿರಿಯ ಸೂಳೆಕೆರೆಗೆ ನೀರು ಬರುವ ಗುಡ್ಡಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ಲಸಿಕೆ: ಧಾಮದ ಸುತ್ತ 5 ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ವಿರುದ್ಧ ಲಸಿಕೆ ಹಾಕಿಸಲು ಕಾಯ್ದೆಯೇ ಹೇಳುತ್ತದೆ. ಕಾಲುಬಾಯಿ ಜ್ವರ ಮತ್ತು ಆಡು-ಕುರಿಗಳ ಹಿರೇಬೇನೆ ಕಾಡುಪ್ರಾಣಿಗಳಿಗೂ ಹರಡಬಲ್ಲವು. ಲಸಿಕೆಯಿಂದ ಮೊದಲ ಲಾಭ ಸಾಕಿದವನಿಗೇ.

2. ಬದುವಿನ ಮೇವು: ಹೊಲದ ಬದುಗಳ ಮೇಲೆ ಅಂಜನ ಹುಲ್ಲು, ಸ್ಟೈಲೋ ಬೆಳೆಸಬೇಕು. ಬೇಲಿಯ ಸಾಲಿನಲ್ಲಿ ಗ್ಲಿರಿಸಿಡಿಯ, ಸುಬಾಬುಲ್ ನೆಡಬಹುದು. ಸುಬಾಬುಲ್ ಸೊಪ್ಪನ್ನು ಒಂದೇ ಮೇವಾಗಿ ಕೊಡದೆ ಬೇರೆ ಮೇವಿನೊಡನೆ ಬೆರೆಸಿ ಕೊಡಬೇಕು.

3. ಒಣಮೇವಿನ ಉಪಚಾರ: ಮೆಕ್ಕೆಜೋಳದ ದಂಟನ್ನು ಹೊಲದಲ್ಲಿ ಸುಡದೆ ಕತ್ತರಿಸಿ ಬಳಸಬೇಕು. 100 ಕಿಲೋ ಒಣಮೇವಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಸಮನಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಬೇಕು. ತೆಗೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಹರಡಿ, ಮೊದಲು ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾ ನೀರನ್ನು ಜಾನುವಾರು ಕುಡಿಯದಂತೆ ಎಚ್ಚರ ಅಗತ್ಯ.

4. ಬೆಂಕಿ: ಕಾಡಂಚಿನ ಹೊಲದಲ್ಲಿ ಕೂಳೆ ಸುಡಬಾರದು. ಧಾಮದಲ್ಲಿ ಬೆಂಕಿ ಇಡುವುದು ಅಪರಾಧ. ಹೊಗೆ ಕಂಡ ಕೂಡಲೇ ವಲಯ ಅರಣ್ಯಾಧಿಕಾರಿ ಕಛೇರಿಗೆ ತಿಳಿಸಬೇಕು.

5. ಬೆಳೆ ರಕ್ಷಣೆ: ಕಾಡುಹಂದಿಯ ಕಾಟಕ್ಕೆ ಬೇಲಿಗೆ ನೇರ ವಿದ್ಯುತ್ ಹರಿಸಬಾರದು, ಅದರಿಂದ ಮನುಷ್ಯರೂ ಸಾಯುತ್ತಾರೆ. ಬೆಳೆ ಹಾನಿಯಾದರೆ ಅರಣ್ಯ ಇಲಾಖೆಗೆ ತಡಮಾಡದೆ ಪರಿಹಾರದ ಅರ್ಜಿ ಸಲ್ಲಿಸಬೇಕು.

ಎಕರೆಗಟ್ಟಲೆ ಕಾಡನ್ನು ಕಾವಲುಗಾರರಷ್ಟೇ ಕಾಯಲಾರರು. ಅಂಚಿನ ಹೊಲದ ಬದುವಿನಲ್ಲಿ ಒಂದು ಹೊರೆ ಮೇವು ಹೆಚ್ಚು ಬೆಳೆದರೆ ಗುಡ್ಡದಲ್ಲಿ ಅಷ್ಟೇ ಹುಲ್ಲು ಉಳಿಯುತ್ತದೆ. ಆ ಹುಲ್ಲಿನಲ್ಲಿ ಕೊಂಡುಕುರಿಯ ಮರಿ ಉಳಿದರೆ, ಅದರ ಬುಡದಲ್ಲಿ ಇಂಗಿದ ನೀರು ಕೆಳಗಿನ ರೈತನ ಬಾವಿಗೆ ಆಸರೆಯಾಗುತ್ತದೆ.