ಹೊಸ್ತಿಲ ಒಳಗಿನ ನೆಟ್‌ವರ್ಕ್

ಒಂದು ಕಂಪ್ಯೂಟರಿನ ಫೈಲನ್ನು ಇನ್ನೊಂದರಲ್ಲಿ ತೆರೆಯಲು, ಮನೆಮಂದಿಯ ಮೊಬೈಲುಗಳೆಲ್ಲ ಒಂದೇ ಪ್ರಿಂಟರ್ ಬಳಸಲು, ಈ ಸಾಧನಗಳ ನಡುವೆ ಮಾತುಕತೆಯ ಕಟ್ಟಳೆಯೊಂದು ಬೇಕು. ಅದೇ ಪ್ರೋಟೋಕಾಲ್. ಅದು ಸುರಕ್ಷಿತವೇ ಎಂಬುದನ್ನು ಮೂರು ಪ್ರಶ್ನೆಗಳಿಂದ ಒರೆಗೆ ಹಚ್ಚಬಹುದು: ಕೇಳುತ್ತಿರುವವರು ಯಾರೆಂದು ಖಚಿತಪಡಿಸಿಕೊಳ್ಳುತ್ತದೆಯೇ? ಸಾಗುವ ಮಾಹಿತಿಯನ್ನು ಗೂಢಲಿಪಿಯಲ್ಲಿ ಮುಚ್ಚಿಡುತ್ತದೆಯೇ? ನಡುದಾರಿಯಲ್ಲಿ ಯಾರಾದರೂ ತಿದ್ದಿದರೆ ಪತ್ತೆ ಹಚ್ಚುತ್ತದೆಯೇ?

ಹಳೆಯ ಪ್ರೋಟೋಕಾಲ್‌ಗಳು ಇಲ್ಲಿ ಸೋಲುವುದಕ್ಕೆ ಅವು ಹುಟ್ಟಿದ ಕಾಲವೇ ಕಾರಣ. ಐಐಟಿ ಕಾನ್ಪುರದಲ್ಲಿ ಓದಿದ ಅಭಯ್ ಭೂಷಣ್ ಅಮೆರಿಕದ ಎಂಐಟಿಯಲ್ಲಿದ್ದಾಗ, 1971ರಲ್ಲಿ, ಫೈಲು ರವಾನಿಸುವ ಪ್ರೋಟೋಕಾಲ್ ಆದ ಎಫ್‌ಟಿಪಿಯ ಮೊದಲ ರೂಪವನ್ನು ಬರೆದರು. ಆಗಿನ ಜಾಲ ಬೆರಳೆಣಿಕೆಯ ಸಂಶೋಧನಾ ಕೇಂದ್ರಗಳದ್ದು, ಕಳ್ಳರ ಭಯವಿರಲಿಲ್ಲ. ಹೀಗಾಗಿ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಕೂಡ ಅಂಚೆ ಕಾರ್ಡಿನ ಬರಹದಂತೆ ತೆರೆದೇ ಸಾಗುತ್ತದೆ. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್ ಕಳವಾದಾಗ ಅಲ್ಲಿನ ಸಂಶೋಧಕ ತಾತು ಇಲೋನೆನ್ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಯುವ ಎಸ್‌ಎಸ್‌ಎಚ್ ರೂಪಿಸಿದರು. ಅದರ ಮೇಲೆ ನಿಂತ ಎಸ್‌ಎಫ್‌ಟಿಪಿ ಈಗ ಎಫ್‌ಟಿಪಿಗೆ ಬದಲಿ.

ಆದರೆ ಮನೆಗಳಲ್ಲಿ ಫೈಲು ಹಂಚಲು ಹೆಚ್ಚು ಬಳಕೆಯಲ್ಲಿರುವುದು ವಿಂಡೋಸ್‌ನ ಎಸ್‌ಎಂಬಿ. ಅದರ ಮೊದಲ ಆವೃತ್ತಿ ಎಷ್ಟು ಅಪಾಯಕಾರಿ ಎಂಬುದನ್ನು 2017ರ ಮೇ 12ರಂದು ಹರಡಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ತೋರಿಸಿತು. ಯಾರೂ ಯಾವ ಲಿಂಕನ್ನೂ ಒತ್ತದೆಯೇ ಅದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಟಿ ಫೈಲುಗಳಿಗೆ ಬೀಗ ಜಡಿಯಿತು. ಬ್ರಿಟನ್ನಿನ ಹಲವು ಆಸ್ಪತ್ರೆಗಳ ಕೆಲಸಕ್ಕೂ ಅಡ್ಡಿಯಾಯಿತು. ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಕೊಟ್ಟಿತ್ತು, ಅಳವಡಿಸಿಕೊಳ್ಳದವರು ಬಲಿಯಾದರು. ಒಂದು ಸಾಧನಕ್ಕೆ ಸೋಂಕು ತಗುಲಿದರೆ ಹೊಸ್ತಿಲ ಒಳಗಿನ ನಂಬಿಕೆಯೇ ಅದು ಹರಡಲು ದಾರಿಯಾಗುತ್ತದೆ. ವೈಫೈ ಪಾಸ್‌ವರ್ಡ್ ಹೊರಗಿನವರನ್ನು ತಡೆದೀತು, ಒಳಗಿನ ರೋಗವನ್ನಲ್ಲ.

ಆದ್ದರಿಂದ ಎಸ್‌ಎಂಬಿ 1 ಮುಚ್ಚಿರಬೇಕು, 3ನೇ ಆವೃತ್ತಿ ಬಳಕೆಯಲ್ಲಿರಬೇಕು. ಗೂಢಲಿಪಿಯ ಸೌಲಭ್ಯ ಬಂದದ್ದು 2012ರ 3.0ರಲ್ಲಿ, ಸಂಪರ್ಕದ ಆರಂಭದಲ್ಲೇ ನಡೆಯುವ ತಿದ್ದುಪಡಿಯನ್ನು ಹಿಡಿಯುವ 3.1.1 ಬಂದದ್ದು 2015ರಲ್ಲಿ, ವಿಂಡೋಸ್ 10ರೊಂದಿಗೆ. ಮ್ಯಾಕ್‌ನಲ್ಲೂ, ಸಾಂಬಾ ತಂತ್ರಾಂಶದ ಮೂಲಕ ಲಿನಕ್ಸ್‌ನಲ್ಲೂ ಎಸ್‌ಎಂಬಿ ನಡೆಯುವುದರಿಂದ ಬಗೆಬಗೆಯ ಸಾಧನಗಳಿರುವ ಮನೆಗೆ ಇದೇ ಅನುಕೂಲ. ಆದರೆ ಗೂಢಲಿಪಿ ಸಾಮಾನ್ಯವಾಗಿ ತಾನಾಗಿ ಚಾಲೂ ಆಗುವುದಿಲ್ಲ. ಹಂಚಿಕೆಯ ಸೆಟ್ಟಿಂಗ್‌ನಲ್ಲಿ ಕಡ್ಡಾಯಗೊಳಿಸಬೇಕು. ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶ ಬೇಡ. ಪ್ರತಿಯೊಬ್ಬರಿಗೂ ಬೇರೆ ಖಾತೆ, ಫೋಟೊ ನೋಡುವವರಿಗೆ ಓದುವ ಹಕ್ಕು ಮಾತ್ರ ಇದ್ದರೆ ಹಾನಿಯೂ ಅಷ್ಟಕ್ಕೇ ನಿಲ್ಲುತ್ತದೆ.

ಪ್ರಿಂಟರ್ ಕೂಡ ನೆಟ್‌ವರ್ಕಿಗೆ ಸೇರಿದ ಒಂದು ಕಂಪ್ಯೂಟರೇ. ಪೋರ್ಟ್ 9100 ಎಂಬ ಜಾಲದ ಬಾಗಿಲಿನ ಮೂಲಕ ಮುದ್ರಿಸುವ ಹಳೆಯ ಪದ್ಧತಿ ಯಾರು ಕಳಿಸಿದರೆಂದು ಕೇಳುವುದೇ ಇಲ್ಲ, ಬಂದದ್ದನ್ನು ಮುದ್ರಿಸುತ್ತದೆ. ಮುದ್ರಣಕ್ಕೆಂದೇ ರೂಪಿಸಿದ ಐಪಿಪಿ ಪ್ರೋಟೋಕಾಲ್ ಇದಕ್ಕಿಂತ ಮೇಲು. ಅದನ್ನೇ ಟಿಎಲ್‌ಎಸ್ ಎಂಬ ಗೂಢಲಿಪಿಯ ರಕ್ಷಣೆಯಲ್ಲಿ ಸಾಗಿಸುವ ಐಪಿಪಿಎಸ್ ಬ್ಯಾಂಕ್ ವಿವರ, ವೈದ್ಯಕೀಯ ವರದಿಗಳಂಥ ಪ್ರತಿಗಳಿಗೆ ತಕ್ಕದ್ದು. ಐಫೋನುಗಳ ಏರ್‌ಪ್ರಿಂಟ್‌ಗೂ ಐಪಿಪಿಯೇ ತಳಹದಿ. ಪ್ರಿಂಟರಿನ ನಿರ್ವಹಣಾ ಪುಟಕ್ಕೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಬದಲಿಸಿ, 9100ರಂಥ ಬಳಸದ ಬಾಗಿಲುಗಳನ್ನು ಅಲ್ಲೇ ಮುಚ್ಚಬಹುದು.

ಎಷ್ಟೇ ಒಳ್ಳೆಯ ಪ್ರೋಟೋಕಾಲ್ ಇದ್ದರೂ ಎಸ್‌ಎಂಬಿಯ 445, ಐಪಿಪಿಯ 631ನೇ ಪೋರ್ಟುಗಳನ್ನು ರೂಟರಿನಲ್ಲಿ ಇಂಟರ್ನೆಟ್ಟಿಗೆ ತೆರೆಯಬಾರದು. ಪೋರ್ಟುಗಳನ್ನು ತಾನಾಗಿ ತೆರೆಯಬಲ್ಲ ಯುಪಿಎನ್‌ಪಿಯನ್ನು ನಿಷ್ಕ್ರಿಯಗೊಳಿಸಿಡುವುದು ಕ್ಷೇಮ. ಊರಿನಾಚೆಯಿಂದ ಫೈಲು ಬೇಕಾದಾಗ ವೈರ್‌ಗಾರ್ಡ್‌ನಂಥ ವಿಪಿಎನ್ ದಾರಿ ಇದೆ. ಎಸ್‌ಎಂಬಿ 1 ಬಿಟ್ಟರೆ ಬೇರೇನೂ ತಿಳಿಯದ ಹಳೆಯ ಸ್ಕ್ಯಾನರಿಗಾಗಿ ಇಡೀ ಮನೆಯ ರಕ್ಷಣೆ ಸಡಿಲಿಸಬೇಕಿಲ್ಲ. ಅದನ್ನು ಯುಎಸ್‌ಬಿ ಕೇಬಲಿನಿಂದ ಒಂದೇ ಕಂಪ್ಯೂಟರಿಗೆ ಜೋಡಿಸಿದರೆ ಕೆಲಸ ಸಾಗುತ್ತದೆ.