ಹಿಂದೆ ಕುಳಿತವರ ಬೆನ್ನು

ನಗರದ ಸಾಮಾನ್ಯ ಸಂಸಾರಗಳಲ್ಲಿ ಮೋಟಾರ್ ಸೈಕಲ್ ಎಂಬುದು ವಿಲಾಸದ ವಸ್ತುವಲ್ಲ. ಅದು ಮನೆಯ ಎತ್ತಿನಂತೆ ದುಡಿಯುವ ಜೀವ. ಅದಕ್ಕೆ ಕಾಲಕಾಲಕ್ಕೆ ಎಣ್ಣೆ ಬದಲಿಸುತ್ತೇವೆ, ಭಾನುವಾರ ತೊಳೆಯುತ್ತೇವೆ, ಆಯುಧಪೂಜೆಯ ದಿನ ಹೂವಿನ ಹಾರ ಹಾಕುತ್ತೇವೆ. ಆದರೆ ಹಿಂದಿನ ಚಕ್ರದ ಎರಡು ಮಗ್ಗುಲಲ್ಲಿ ನಿಂತು ನಮ್ಮ ಭಾರವನ್ನು ಹೊರುವ ಸ್ಪ್ರಿಂಗುಗಳ ಕಡೆಗೆ ನಮ್ಮ ದೃಷ್ಟಿ ಹರಿಯುವುದೇ ಇಲ್ಲ. ಹೀಗೆ ಗಮನಿಸದೆ ಉಳಿದವರಲ್ಲಿ ಈ ಲೇಖಕನೂ ಒಬ್ಬ. ಅದರ ಬೆಲೆಯನ್ನು ತೆತ್ತವರು ಮಾತ್ರ ಬೇರೆಯವರು.

ನಮ್ಮ ವಾಸ ಹೊಸಕೆರೆಹಳ್ಳಿಯಲ್ಲಿ. ನನ್ನ ಪತ್ನಿಯ ಅಕ್ಕನವರ ಮನೆ ಜಯನಗರದಲ್ಲಿದೆ. ಹೊಸಕೆರೆಹಳ್ಳಿ ಕ್ರಾಸ್ ದಾಟಿ, ಕತ್ರಿಗುಪ್ಪೆಯ ಮೇಲೆ ಬನಶಂಕರಿಗೆ ಬಂದು ಅಲ್ಲಿಂದ ಮುಂದುವರಿಯುವುದು ನಮ್ಮ ವಾಡಿಕೆ. ವಾರಕ್ಕೊಮ್ಮೆ ಅಕ್ಕತಂಗಿಯರು ಕೂಡಿ ಒಂದು ಸಂಜೆ ಕಳೆಯುವುದು ಅನೇಕ ವರ್ಷಗಳಿಂದ ನಡೆದುಬಂದ ಪದ್ಧತಿ. ಒಂದು ಮಳೆಗಾಲದ ಬಳಿಕ ಆಕೆ, 'ಈ ವಾರ ಬೇಡ' ಎನ್ನತೊಡಗಿದರು. ಮುಂದಿನ ವಾರವೂ ಅದೇ ಮಾತು. ಕಡೆಗೊಮ್ಮೆ ಕೇಳಿದಾಗ, 'ಉಬ್ಬು ಬಂದಾಗಲೆಲ್ಲ ಸೊಂಟಕ್ಕೆ ಒನಕೆಯಲ್ಲಿ ಕುಟ್ಟಿದಂತಾಗುತ್ತದೆ. ವಯಸ್ಸಾಯಿತಲ್ಲ' ಎಂದರು.

ನನಗೆ ಆಶ್ಚರ್ಯವಾಯಿತು. ಅದೇ ವಾಹನ, ಅದೇ ರಸ್ತೆ. ನನಗೆ ಅಂಥ ಕುಟ್ಟು ಎಂದೂ ತಗುಲಿರಲಿಲ್ಲ. ಉತ್ತರ ಸರಳವಾಗಿತ್ತು. ಸವಾರನು ಎರಡು ಚಕ್ರಗಳ ನಡುವೆ ಕುಳಿತಿರುತ್ತಾನೆ; ಅವನ ಭಾರ ಎರಡಕ್ಕೂ ಹಂಚಿಹೋಗುತ್ತದೆ. ಹಿಂದೆ ಕುಳಿತವರಾದರೋ ಬಹುಮಟ್ಟಿಗೆ ಹಿಂದಿನ ಚಕ್ರದ ನೆತ್ತಿಯ ಮೇಲೆಯೇ ಇರುತ್ತಾರೆ. ಅವರ ಭಾರದ ಹೆಚ್ಚಿನ ಪಾಲು ಹಿಂದಿನ ಸ್ಪ್ರಿಂಗಿಗೆ ಬೀಳುತ್ತದೆ. ಆ ಚಕ್ರಕ್ಕೆ ತಗುಲಿದ ಪೆಟ್ಟೂ ಮೊದಲು ಅವರ ಬೆನ್ನಿಗೇ ಏರುತ್ತದೆ. ಹ್ಯಾಂಡಲ್ ಹಿಡಿದವನಿಗೆ ಹಿಂದಿನವರ ನೋವು ತಿಳಿಯದು.

ಸ್ಪ್ರಿಂಗಿನ ಕೆಲಸ, ಎಣ್ಣೆಯ ಕೆಲಸ

ಹಿಂಬದಿಯ ಈ ಜೋಡಣೆಯಲ್ಲಿ ಎರಡು ಭಾಗಗಳಿವೆ. ಹೊರಗೆ ಕಾಣುವ ಸ್ಪ್ರಿಂಗು ಭಾರವನ್ನು ಹೊರುತ್ತದೆ, ಪೆಟ್ಟು ಬಿದ್ದಾಗ ಕುಗ್ಗಿ ಅದನ್ನು ನುಂಗುತ್ತದೆ. ಆದರೆ ಕುಗ್ಗಿದ ಸ್ಪ್ರಿಂಗು ತಾನಾಗಿ ಸುಮ್ಮನಾಗದು. ಮೇಲೆ ಕೆಳಗೆ ತೂಗಾಡುತ್ತಲೇ ಇರುತ್ತದೆ. ಆ ತೂಗಾಟವನ್ನು ಅಡಗಿಸುವುದು ಒಳಗಿನ ಕೊಳವೆಯಲ್ಲಿರುವ ಎಣ್ಣೆ. ಕಿರಿದಾದ ರಂಧ್ರಗಳ ಮೂಲಕ ಎಣ್ಣೆ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಇದನ್ನೇ ನಾವು ಶಾಕ್ ಅಬ್ಸಾರ್ಬರ್ ಎನ್ನುತ್ತೇವೆ.

ಈ ಸೌಕರ್ಯ ಒಮ್ಮೆಲೇ ಬಂದದ್ದಲ್ಲ. ಹಿಂದಿನ ಕಾಲದ ಎಷ್ಟೋ ಮೋಟಾರ್ ಸೈಕಲ್ಲುಗಳ ಹಿಂದಿನ ಚಕ್ರವನ್ನು ಚೌಕಟ್ಟಿಗೇ ಬಿಗಿಯಲಾಗುತ್ತಿತ್ತು. ಆಸನದ ಕೆಳಗಿನ ಸ್ಪ್ರಿಂಗೇ ಗತಿ. 1946ರ ಜಾವಾ ಪೆರಾಕ್ ವಾಹನದಲ್ಲಿ ಅಚ್ಚಿನ ಎರಡು ಬದಿಗೂ ನೆಟ್ಟಗೆ ಸ್ಪ್ರಿಂಗುಗಳನ್ನು ಇರಿಸಿದ್ದರು. 1950ರ ದಶಕದಲ್ಲಿ ಅದೇ ಸಂಸ್ಥೆ ತೂಗುವ ತೋಳಿನ ಮಾದರಿಗೆ ಬಂದಿತು. ಆ ಜಾವಾವನ್ನು 1960ರ ದಶಕದ ಆರಂಭದಿಂದ ನಮ್ಮ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿತು. ಮುಂದೆ ಯೆಜ್ಡಿ ಎಂಬ ಹೆಸರಿನಲ್ಲಿ ಮನೆಮಾತಾಗಿ, 1996ರಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿತು. 1955ರಿಂದ ಮದ್ರಾಸಿನಲ್ಲಿ ತಯಾರಾದ ಬುಲೆಟ್ಟಿಗೂ ಇದೇ ತೂಗುವ ತೋಳು, ಎರಡು ಶಾಕ್ ಅಬ್ಸಾರ್ಬರುಗಳ ಏರ್ಪಾಡಿತ್ತು. ಇಂದು ಎಷ್ಟೋ ವಾಹನಗಳಲ್ಲಿ ಎರಡರ ಬದಲು ನಡುವೆ ಒಂದೇ ಇರುತ್ತದೆ; ಆದರೂ ತತ್ತ್ವ ಅದೇ.

ಐದು ಮೆಟ್ಟಿಲುಗಳ ಬಳೆ

ಜೋಡಿ ಶಾಕ್ ಅಬ್ಸಾರ್ಬರುಗಳುಳ್ಳ ಹಲವು ವಾಹನಗಳಲ್ಲಿ ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲಿನಂತೆ ಕಚ್ಚುಗಳಿರುವ ಒಂದು ಬಳೆ ಇರುತ್ತದೆ. ಸಾಮಾನ್ಯವಾಗಿ ಐದು ಕಚ್ಚುಗಳು. ಬಳೆಯನ್ನು ತಿರುಗಿಸಿದಂತೆ ಸ್ಪ್ರಿಂಗು ಮೊದಲೇ ಸ್ವಲ್ಪ ಅದುಮಿಕೊಂಡು ನಿಲ್ಲುತ್ತದೆ. ಇದರಿಂದ ಸ್ಪ್ರಿಂಗಿನ ಗಡಸುತನವೇ ಹೆಚ್ಚುತ್ತದೆಂದು ಅನೇಕರು ಭಾವಿಸುತ್ತಾರೆ. ಅದು ಸರಿಯಲ್ಲ. ಸ್ಪ್ರಿಂಗು ಅದೇ, ವಾಹನ ಭಾರಕ್ಕೆ ಎಷ್ಟು ಕುಸಿಯಬೇಕೆಂಬುದು ಮಾತ್ರ ಬದಲಾಗುತ್ತದೆ.

ಈ ಕುಸಿತವೇ ಮುಖ್ಯ. ಚಕ್ರ ಮೇಲೆ ಕೆಳಗೆ ಚಲಿಸಬಲ್ಲ ಒಟ್ಟು ದೂರದಲ್ಲಿ ಸವಾರನ ಭಾರಕ್ಕೆ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿದರೆ ಉತ್ತಮವೆಂಬುದು ಬಲ್ಲವರ ಎಣಿಕೆ. ಅದಕ್ಕಿಂತ ಬಹಳ ಹೆಚ್ಚಾದರೆ ಉಬ್ಬು ಬಂದಾಗ ಕುಗ್ಗಲು ಜಾಗವಿಲ್ಲದೆ ತಳ ಬಡಿಯುತ್ತದೆ. ಬಹಳ ಕಡಿಮೆಯಾದರೆ ಹಳ್ಳದಲ್ಲಿ ಚಕ್ರ ಕೆಳಗಿಳಿಯಲು ಅವಕಾಶವಿಲ್ಲದೆ ವಾಹನ ಕುಪ್ಪಳಿಸುತ್ತದೆ.

ನಮ್ಮ ಮನೆಯಲ್ಲಿ ಅಳೆದ ಬಗೆಯನ್ನು ಹೇಳುತ್ತೇನೆ. ವಾಹನವನ್ನು ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ನೆಲದಿಂದ ಮೇಲಿರುವಾಗ, ಚಕ್ರದ ಅಚ್ಚಿನಿಂದ ನೇರ ಮೇಲೆ ಆಸನದ ಕೆಳಗಿನ ಒಂದು ಗುರುತಿಗೆ ಇರುವ ಅಂತರವನ್ನು ಟೇಪಿನಿಂದ ಅಳೆದೆವು. ಬಳಿಕ ಸ್ಟ್ಯಾಂಡಿನಿಂದ ಇಳಿಸಿ, ಒಬ್ಬರು ವಾಹನವನ್ನು ನೆಟ್ಟಗೆ ಹಿಡಿದಿರಲು ನಾನು ಕಾಲುಗಳನ್ನು ಮೇಲಿಟ್ಟು ಕುಳಿತೆ; ಮಗ ಮತ್ತೆ ಅಳೆದ. ನನ್ನ ತೂಕ 61 ಕಿಲೋ. ವ್ಯತ್ಯಾಸ 24 ಮಿಲಿಮೀಟರ್ ಬಂದಿತು. ನಮ್ಮ ವಾಹನದ ಹಿಂದಿನ ಚಕ್ರದ ಒಟ್ಟು ಚಲನೆ 80 ಮಿಲಿಮೀಟರ್. ಅಂದರೆ ನನ್ನೊಬ್ಬನಿಗೆ ಎಲ್ಲವೂ ಸರಿಯಾಗಿಯೇ ಇತ್ತು!

ಬಳಿಕ 52 ಕಿಲೋ ತೂಕದ ನನ್ನ ಪತ್ನಿ ಹಿಂದೆ ಕುಳಿತರು. ವ್ಯತ್ಯಾಸ 52 ಮಿಲಿಮೀಟರಿಗೆ ಏರಿತು. ಉಳಿದದ್ದು ಬರೀ 28. ರಸ್ತೆಯ ಪ್ರತಿ ಉಬ್ಬಿನಲ್ಲೂ ಆ 28 ಮಿಲಿಮೀಟರ್ ಮುಗಿದು, ಉಳಿದ ಪೆಟ್ಟೆಲ್ಲ ಆಕೆಯ ಬೆನ್ನಿಗೆ ಹೋಗುತ್ತಿತ್ತು. ಬಗ್ಗಿ ನೋಡಿದರೆ ಬಳೆ ಮೊದಲನೆಯ ಕಚ್ಚಿನಲ್ಲಿಯೇ ಇದ್ದಿತು. ವಾಹನ ಕೊಂಡು ಒಂಬತ್ತು ವರ್ಷಗಳಾಗಿದ್ದವು; ಒಮ್ಮೆಯೂ ಅದನ್ನು ಯಾರೂ ತಿರುಗಿಸಿರಲಿಲ್ಲ. ಅದನ್ನು ತಿರುಗಿಸುವ ಕೊಕ್ಕಿನ ಆಕಾರದ ಸ್ಪ್ಯಾನರು ಉಪಕರಣಗಳ ಚೀಲದಲ್ಲಿ ಎಣ್ಣೆ ಕಾಗದದ ಮಡಿಕೆಯನ್ನೂ ಬಿಚ್ಚದೆ ಮಲಗಿತ್ತು.

ಎರಡೂ ಬದಿಯ ಬಳೆಗಳನ್ನು ನಾಲ್ಕನೆಯ ಕಚ್ಚಿಗೆ ತಂದೆವು. ಇಬ್ಬರೂ ಕುಳಿತಾಗ ಕುಸಿತ 40 ಮಿಲಿಮೀಟರಿಗೆ ಇಳಿಯಿತು. ಉಬ್ಬಿಗೆಂದು ಉಳಿದ ಜಾಗ 28ರಿಂದ 40ಕ್ಕೆ ಏರಿತು.

ಕೆಲವು ಎಚ್ಚರಿಕೆಗಳು

ಬಳೆಯನ್ನು ತಿರುಗಿಸುವಾಗ ವಾಹನ ಮಧ್ಯದ ಸ್ಟ್ಯಾಂಡಿನ ಮೇಲಿರಲಿ; ಭಾರವಿಲ್ಲದಾಗ ಕೆಲಸ ಸುಲಭ. ಎರಡೂ ಬದಿಗಳು ಒಂದೇ ಕಚ್ಚಿನಲ್ಲಿರುವುದು ಕಡ್ಡಾಯ. ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆಯುವ ಅಭ್ಯಾಸ ಬೇಡ. ಬಳೆಯೂ ಹಾಳು, ಕೈಗೂ ಅಪಾಯ. ಹಿಂಭಾಗದ ಎತ್ತರ ಬದಲಾದರೆ ಚೈನಿನ ಸಡಿಲವೂ ಬದಲಾಗಬಹುದು, ಹೆಡ್‌ಲೈಟಿನ ಬೆಳಕಿನ ದಿಕ್ಕೂ ಬದಲಾಗುತ್ತದೆ. ಹಿಂದೆ ಕುಸಿದ ವಾಹನದ ದೀಪ ಎದುರು ಬರುವವರ ಕಣ್ಣನ್ನು ಕೋರೈಸುತ್ತದೆಂಬುದನ್ನು ರಾತ್ರಿಯ ರಿಂಗ್ ರಸ್ತೆಯಲ್ಲಿ ಯಾರೂ ಕಾಣಬಹುದು. ಟೈರಿನ ಗಾಳಿಯನ್ನು ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಎಂದು ಕೈಪಿಡಿಯಲ್ಲಿ ಹೇಳಿದಂತೆ, ಟೈರು ತಣ್ಣಗಿರುವಾಗಲೇ ನೋಡಬೇಕು.

ಬಳೆಯಿಂದ ಎಲ್ಲವೂ ಸರಿಹೋಗದು. ಆಸನವನ್ನು ಬಲವಾಗಿ ಒತ್ತಿ ಬಿಟ್ಟಾಗ ಅದು ಮೇಲೆದ್ದು ಬೇಗನೆ ನೆಲೆಗೊಳ್ಳಬೇಕು. ಎರಡು ಮೂರು ಸಾರಿ ಕುಣಿದರೆ ಒಳಗಿನ ಎಣ್ಣೆಯ ಕೆಲಸ ನಿಂತಿದೆಯೆಂದು ಅರ್ಥ. ಕಂಬಿಯ ಮೇಲೆ ಎಣ್ಣೆಯ ಜಿಡ್ಡು ಕಂಡರೂ ಹಾಗೆಯೇ. ಆಗ ಜೋಡಿಯಾಗಿ ಬದಲಿಸುವುದೇ ದಾರಿ. ಗ್ಯಾಸ್ ತುಂಬಿದ ಶಾಕ್ ಅಬ್ಸಾರ್ಬರನ್ನು ಮನೆಯಲ್ಲಿ ಬಿಚ್ಚುವ, ಕೊರೆಯುವ, ಕಾಯಿಸುವ ಸಾಹಸ ಸಲ್ಲದು; ಒಳಗೆ ಒತ್ತಡವಿರುತ್ತದೆ.

ಇನ್ನೊಂದು ಮಾತು. 'ಐದನೆಯ ಕಚ್ಚಿಗೆ ಇಟ್ಟುಬಿಟ್ಟರೆ ಎಲ್ಲ ಭಾರಕ್ಕೂ ಆಯಿತು' ಎಂಬ ಸೋಮಾರಿತನವೂ ತಪ್ಪೇ. ಮರುದಿನ ನಾನೊಬ್ಬನೇ ನಾಲ್ಕನೆಯ ಕಚ್ಚಿನಲ್ಲಿ ಹೋದಾಗ ವಾಹನ ಕಲ್ಲಿನಂತೆ ಎಗರಿತು. ಒಬ್ಬರು ಹೋಗುವಾಗ ಇಳಿಸಿ, ಇಬ್ಬರಾದಾಗ ಏರಿಸುವುದೇ ಕ್ರಮ. ಅಭ್ಯಾಸವಾದ ಮೇಲೆ ಐದು ನಿಮಿಷದ ಕೆಲಸ.

ಭಾರಕ್ಕೂ ಒಂದು ಮಿತಿಯಿದೆ. 1988ರ ಮೋಟಾರು ವಾಹನ ಕಾಯಿದೆ ಸವಾರನಲ್ಲದೆ ಇನ್ನೊಬ್ಬರಿಗೆ ಮಾತ್ರ ಅವಕಾಶ ಕೊಡುತ್ತದೆ. ಹಿಂದೆ ಕುಳಿತವರಿಗೆ ಹಿಡಿಕೆ, ಕಾಲಿಡುವ ಕಂಬಿ, ಸೀರೆ ಚಕ್ರಕ್ಕೆ ಸಿಗದಂತೆ ತಡೆ ಇರಬೇಕೆಂದು 1989ರ ನಿಯಮಗಳು ವಿಧಿಸಿವೆ. ನೋಟಕ್ಕೆ ಚೆಂದವಿಲ್ಲವೆಂದು ಇವನ್ನು ಕಳಚಿಸುವ ಯುವಕರು ಹಿಂದೆ ಕೂರುವ ತಾಯಿಯನ್ನು ಒಮ್ಮೆ ನೆನೆಯಬೇಕು.

ಬಳೆ ತಿರುಗಿಸುವುದು ಬೆನ್ನುನೋವಿಗೆ ಔಷಧವಲ್ಲ. ನಾವು ವೈದ್ಯರನ್ನೂ ಕಂಡೆವು. ಅವರು ಹೇಳಿದ ವ್ಯಾಯಾಮವನ್ನು ನನ್ನ ಪತ್ನಿ ಇಂದಿಗೂ ಬಿಟ್ಟಿಲ್ಲ. ಉಬ್ಬುಗಳ ಮುಂದೆ ನಾನು ವೇಗ ತಗ್ಗಿಸುತ್ತೇನೆ, 'ಉಬ್ಬು ಬಂತು' ಎಂದು ಮುಂಚೆಯೇ ಹೇಳುತ್ತೇನೆ. ಆದರೆ ಆಕೆ ವಯಸ್ಸಿನ ಮೇಲೆ ಹೊರಿಸಿ, ಸುಮ್ಮನೆ ಬಿಟ್ಟುಕೊಟ್ಟಿದ್ದ ಆ ಸಂಜೆಗಳಲ್ಲಿ ಬಹುಪಾಲು ಮರಳಿ ಬಂದಿವೆ.

ಸ್ಪ್ರಿಂಗು ತಿರುಗಿಸಿದ ಮೊದಲ ವಾರ ಜಯನಗರ ತಲುಪಿದಾಗ ಆಕೆ ಇಳಿದು, ಸೆರಗು ಸರಿಪಡಿಸಿಕೊಂಡು, 'ರಸ್ತೆಗೆ ಹೊಸ ಡಾಂಬರು ಹಾಕಿದ್ದಾರೇನು?' ಎಂದು ಕೇಳಿದರು. ರಸ್ತೆ ಮೊದಲಿನಂತೆಯೇ ಇತ್ತು. ಒಂಬತ್ತು ವರ್ಷ ಹಿಂದೆ ತಿರುಗಿ ಕೇಳದವನು ನಾನು ಎಂಬ ಮಾತನ್ನು ಮಾತ್ರ ಅಂದು ಹೇಳಲಾಗಲಿಲ್ಲ. ಇಲ್ಲಿ ಹೇಳಿದ್ದೇನೆ. ಓದುಗ ಬಂಧುಗಳು ಈ ಭಾನುವಾರ ವಾಹನ ತೊಳೆಯುವಾಗ ಒಮ್ಮೆ ಬಗ್ಗಿ ಆ ಬಳೆಯನ್ನು ನೋಡಲಿ. ಅದಕ್ಕೂ ಮೊದಲು, ಹಿಂದೆ ಕೂರುವವರನ್ನು ಒಂದು ಮಾತು ಕೇಳಲಿ.