ಬೆಳೆದವರನ್ನು ದತ್ತು ತೆಗೆದುಕೊಳ್ಳಬಹುದೇ?

ದತ್ತು ಅಂದ ಕೂಡಲೇ ತೊಟ್ಟಿಲ ಕೂಸು ನೆನಪಾಗುತ್ತದೆ. ಆದರೆ ಮೀಸೆ ಬಂದ ಮಗನನ್ನು ದತ್ತು ತೆಗೆದುಕೊಳ್ಳುವುದೂ ಉಂಟು.

ಒಂದು ಊರು ಅಂದುಕೊಳ್ಳಿ. ಅಲ್ಲಿ ಒಬ್ಬ ಅಜ್ಜಿ. ವಯಸ್ಸು 62. ಗಂಡ ತೀರಿಹೋಗಿದ್ದಾನೆ. ಗಂಡುಮಕ್ಕಳಿಲ್ಲ. ಒಬ್ಬಳು ಮಗಳು, ಮದುವೆಯಾಗಿ ದೂರ ಇದ್ದಾಳೆ. ಅಜ್ಜಿಯ ಹೆಸರಲ್ಲಿ ಎರಡು ಎಕರೆ ಹೊಲ. ತಂಗಿಯ ಮಗ 28 ವರ್ಷದವನು. ಹೊಲ ನೋಡುತ್ತಾನೆ, ಅಜ್ಜಿಯನ್ನು ದವಾಖಾನೆಗೆ ಕರೆದೊಯ್ಯುತ್ತಾನೆ. “ಇವನೇ ನನ್ನ ಮಗ, ಇವನನ್ನೇ ದತ್ತಕ ತಗೋತೀನಿ” ಅಂತಾಳೆ ಅಜ್ಜಿ. “ಬಾಂಡ್ ಕಾಗದದ ಮೇಲೆ ಬರೆಸಿ ಹೆಬ್ಬೆಟ್ಟು ಒತ್ತಿಬಿಡು, ಮುಗೀತು” ಅಂತಾರೆ ಊರಿನ ಜಾಣರು. ಮುಗಿಯುವುದಿಲ್ಲ. ತಕರಾರು ಅಲ್ಲಿಂದಲೇ ಶುರು.

ಕಾಯ್ದೆ ಏನು ಹೇಳುತ್ತದೆ?

1956ರಲ್ಲಿ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂತು. ಇದು ಹಿಂದೂ, ಲಿಂಗಾಯತ, ಜೈನ, ಬೌದ್ಧ, ಸಿಖ್ಖರಿಗೆ ಅನ್ವಯಿಸುತ್ತದೆ. ಇದರ ಪ್ರಕಾರ ದತ್ತು ಹೋಗುವವರಿಗೆ 15 ವರ್ಷ ತುಂಬಿರಬಾರದು. ಮದುವೆಯೂ ಆಗಿರಬಾರದು. ಬೇರೆ ಧರ್ಮದವರೂ ಮಕ್ಕಳನ್ನು ದತ್ತು ಪಡೆಯಲು 2015ರ ಬಾಲನ್ಯಾಯ ಕಾಯ್ದೆ ಇದೆ. ಅದು 18 ವರ್ಷದ ಒಳಗಿನ ಮಕ್ಕಳಿಗೆ ಮಾತ್ರ.

ಹಾಗಾದರೆ ಅಜ್ಜಿಯ ಆಸೆಗೆ ದಾರಿಯೇ ಇಲ್ಲವೇ? ಒಂದು ದಾರಿ ಇದೆ. ಅದೇ ರೂಢಿ. ದೊಡ್ಡವರನ್ನು ದತ್ತು ತೆಗೆದುಕೊಳ್ಳುವ ರೂಢಿ ಆ ಜನರಲ್ಲಿ ಇದ್ದರೆ 1956ರ ಕಾಯ್ದೆ ಅದನ್ನು ಒಪ್ಪುತ್ತದೆ. ರೂಢಿ ಅಂದರೆ ಬಹಳ ಕಾಲದಿಂದ, ಬಿಡದೆ, ಒಂದೇ ರೀತಿ ನಡೆದುಬಂದದ್ದು. “ನಮ್ಮಜ್ಜ ಹೇಳ್ತಿದ್ದ” ಅಂದರೆ ಸಾಲದು. ಯಾರ ಮನೆಯಲ್ಲಿ, ಯಾವಾಗ ಹಾಗೆ ನಡೆದಿತ್ತು ಎಂದು ಕೋರ್ಟಿನಲ್ಲಿ ತೋರಿಸಬೇಕಾಗುತ್ತದೆ.

ಹಳೆಯ ಮುಂಬಯಿ ಪ್ರಾಂತದಲ್ಲಿ ಎಷ್ಟು ವಯಸ್ಸಾದವರನ್ನಾದರೂ, ಮದುವೆಯಾದವರನ್ನೂ ದತ್ತು ತೆಗೆದುಕೊಳ್ಳುವ ರೂಢಿ ಇತ್ತು. ಕೋರ್ಟುಗಳು ಅದನ್ನು ಹಿಂದಿನಿಂದಲೂ ಒಪ್ಪಿವೆ. ಒಮ್ಮೆ ಕೋರ್ಟು ಒಪ್ಪಿದ ರೂಢಿಯನ್ನು ಪ್ರತಿ ಸಲ ಹೊಸದಾಗಿ ಸಾಬೀತು ಮಾಡಬೇಕಿಲ್ಲ ಎಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಸೀಮೆ 1956ರವರೆಗೆ ಮುಂಬಯಿಗೆ ಸೇರಿತ್ತು. ಅಜ್ಜಿ ಆ ಕಡೆಯವಳಾದರೆ ಅವಳ ಹಾದಿ ಸ್ವಲ್ಪ ಸಲೀಸು. ಮೈಸೂರು ಕಡೆಯವಳಾದರೆ ತನ್ನವರ ರೂಢಿಯನ್ನು ಸಾಬೀತು ಮಾಡಬೇಕು.

ಕೊಡುವವರು ಯಾರು?

ಹುಡುಗನಿಗೆ 28 ವರ್ಷವಾದರೂ ಅವನನ್ನು ತಂದೆತಾಯಿಯೇ ಕೊಡಬೇಕು. ಒಬ್ಬರು ಕೊಡುವಾಗ ಇನ್ನೊಬ್ಬರ ಒಪ್ಪಿಗೆ ಬೇಕು. ತನ್ನನ್ನು ತಾನೇ ಕೊಟ್ಟುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಹೆಂಗಸು ಗಂಡಸನ್ನು ದತ್ತು ಪಡೆಯುವಾಗ ಅವನಿಗಿಂತ 21 ವರ್ಷವಾದರೂ ದೊಡ್ಡವಳಿರಬೇಕು. ಅಜ್ಜಿ 34 ವರ್ಷ ದೊಡ್ಡವಳು, ತೊಂದರೆ ಇಲ್ಲ. ವಿಧವೆ ಎಂಬುದೂ ಅಡ್ಡಿಯಲ್ಲ. ಮಗ, ಮೊಮ್ಮಗ ಇದ್ದರೆ ಮಾತ್ರ ಮತ್ತೊಬ್ಬ ಮಗನನ್ನು ದತ್ತು ಪಡೆಯುವಂತಿಲ್ಲ. ಇಲ್ಲಿ ಮೊಮ್ಮಗ ಅಂದರೆ ಮಗನ ಮಗ.

ಕೊಡುವುದು, ತೆಗೆದುಕೊಳ್ಳುವುದು ನಿಜವಾಗಿ ನಡೆಯಬೇಕು. ಕೂಸನ್ನು ಉಡಿಯಲ್ಲಿ ಹಾಕುತ್ತಾರೆ. 28ರ ಗಂಡಸನ್ನು ಉಡಿಯಲ್ಲಿ ಹಾಕುವುದು ಹೇಗೆ ಅಂತ ನಗಬೇಡಿ! ತಂದೆತಾಯಿ ಅವನ ಕೈಹಿಡಿದು ನಾಲ್ಕು ಜನರ ಎದುರು ಒಪ್ಪಿಸಿದರೂ ಆಯಿತು. ಹೋಮ ಮಾಡಲೇಬೇಕು ಎಂದಿಲ್ಲ. ಆಮೇಲೆ ದತ್ತಕ ಪತ್ರ ಬರೆಸಿ, ಕೊಟ್ಟವರು ಮತ್ತು ತೆಗೆದುಕೊಂಡವರು ಸಹಿ ಹಾಕಿ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುವುದು ಲೇಸು. ಆಗ, ಸುಳ್ಳೆಂದು ಯಾರಾದರೂ ಸಾಬೀತು ಮಾಡುವ ತನಕ, ದತ್ತಕ ಸರಿಯಾಗಿ ನಡೆದಿದೆ ಎಂದೇ ಕೋರ್ಟು ತಿಳಿಯುತ್ತದೆ. ನಿಮಗೆ ಈಗ ಓದಲು ಬರುತ್ತದಲ್ಲ? ಪತ್ರವನ್ನು ಪೂರ್ತಿ ಓದಿಯೇ ಸಹಿ ಹಾಕಿ. ದತ್ತು ಕೊಡಲು ಹಣ ಕೊಡುವುದು, ಪಡೆಯುವುದು ಅಪರಾಧ. 6 ತಿಂಗಳವರೆಗೆ ಜೈಲಾಗಬಹುದು.

ಆಮೇಲೆ ಏನಾಗುತ್ತದೆ?

ಸರಿಯಾಗಿ ಆದ ದತ್ತಕ ರದ್ದಾಗುವುದಿಲ್ಲ. ನಾಳೆ ಜಗಳವಾದರೂ ಅವನು ಮಗನೇ. ಅವನು ಹೆತ್ತವರ ವಾರಸುದಾರನಾಗಿ ಉಳಿಯುವುದಿಲ್ಲ. ಮೊದಲೇ ಅವನದಾಗಿದ್ದ ಆಸ್ತಿ ಮಾತ್ರ ಅವನಲ್ಲೇ ಇರುತ್ತದೆ. ಅಜ್ಜಿಯ ಮಗಳ ಹಕ್ಕೂ ಹೋಗುವುದಿಲ್ಲ. ಅಜ್ಜಿ ವಿಲ್ ಬರೆಯದೆ ತೀರಿಕೊಂಡರೆ ಮಗಳಿಗೂ ದತ್ತುಮಗನಿಗೂ ಸಮಪಾಲು. “ದತ್ತಕ ಆಯ್ತು, ಹೊಲವೆಲ್ಲ ನಂದೇ” ಅನ್ನುವ ಮಾತು ಸುಳ್ಳು.

ನನ್ನನ್ನು ಕೇಳಿದರೆ, ಹೊಲ ಕೊಡುವುದೊಂದೇ ಉದ್ದೇಶವಾಗಿದ್ದರೆ ದತ್ತಕದ ಗೋಜು ಬೇಡ. ಅಜ್ಜಿ ವಿಲ್ ಬರೆಯಬಹುದು. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಮನಸ್ಸು ಬದಲಾದರೆ ಬೇರೆ ವಿಲ್ ಬರೆಯಬಹುದು. ದಾನಪತ್ರವನ್ನೂ ಮಾಡಬಹುದು. ಆದರೆ “ನನ್ನನ್ನು ನೋಡಿಕೊಳ್ಳಬೇಕು” ಎಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಆಗ, ಅವನು ನೋಡಿಕೊಳ್ಳದಿದ್ದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಆ ಪತ್ರ ರದ್ದು ಮಾಡಿಸಬಹುದು. 60 ವರ್ಷ ತುಂಬಿದವರಿಗೆ ಈ ಸೌಲಭ್ಯ.

ಯಾವುದನ್ನು ಮಾಡುವ ಮುಂಚೆಯೂ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.